ಅಜ್ಜನ ಔಷಧಿ ಎಂಬ ಎರಡು ಪದ

ನಮ್ಮ ಊರ ಕಡೆ ಮದುವೆಯೋ ಉಪನಯನವೋ ನಿಶ್ಚಯವಾದರೆ ಮೊದಲು ಮಾಡುವ ಕೆಲಸ ಅಡಿಗೆಯವರನ್ನು ಕರೆಸಿ ಪಟ್ಟಿ ಹಾಕಿಸುವುದು. ಅವರು ಜಗಲಿಯಲ್ಲಿ ಕುಳಿತು, ಎಲೆಯಡಿಕೆ ಬಾಯಿಗೆ ಹಾಕಿ, "ಊಟಕ್ಕೆ ಎಷ್ಟು ಜನ?" ಎಂದು ಒಂದೇ ಪ್ರಶ್ನೆ ಕೇಳುತ್ತಾರೆ. ಐನೂರು ಎಂದರೆ ಸಾಕು. ಅಕ್ಕಿ ಎಷ್ಟು, ತೆಂಗಿನಕಾಯಿ ಎಷ್ಟು, ಬೆಲ್ಲ ಎಷ್ಟು, ಬಾಳೆಲೆ ಎಷ್ಟು, ಕೊನೆಗೆ ಒಲೆಯ ಸೌದೆ ಎಷ್ಟು ಎನ್ನುವವರೆಗೆ ಎಲ್ಲವೂ ಬಾಯಲ್ಲೇ ಬರುತ್ತದೆ. ಬರೆದುಕೊಳ್ಳುವವರ ಕೈ ನೋಯಬೇಕು, ಅವರ ಬಾಯಿ ನಿಲ್ಲುವುದಿಲ್ಲ. ಆ ಐನೂರು ಜನ ಯಾರು ಎಂದು ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಪಾಯಸ ಬಡಿಸುವಾಗ ಯಾರ ಎಲೆಗೆ ಸ್ವಲ್ಪವೇ ಹಾಕಬೇಕು, ಯಾವ ಅಜ್ಜನಿಗೆ ಹಪ್ಪಳ ಜಗಿಯಲಿಕ್ಕೆ ಆಗುವುದಿಲ್ಲ, ಯಾರನ್ನು ಯಾರ ಪಕ್ಕ ಕೂರಿಸಬಾರದು ಎಂಬುದು ಮನೆಯವರಿಗೆ ಬಿಟ್ಟ ಲೆಕ್ಕ. ಎರಡೂ ಲೆಕ್ಕ ಸರಿಯಾದರೆ ಮಾತ್ರ ಉಂಡವರು "ಊಟ ಲಾಯ್ಕಾಗಿತ್ತು" ಎಂದು ಹೇಳಿ ಹೋಗುತ್ತಾರೆ.

ಮನೆಯವರೆಲ್ಲ ನಾಲ್ಕು ದಿನ ಎಲ್ಲಿಗಾದರೂ ಹೋಗುವುದಾದರೂ ಒಂದು ಪಟ್ಟಿ ಬೇಕು. ಅದನ್ನು ಹಾಕಲಿಕ್ಕೆ ಯಾರನ್ನೂ ಕರೆಸುವುದಿಲ್ಲ. ಅದು ಕಾಗದದ ಮೇಲೆ ಇರುವುದೂ ಅಪರೂಪ. ಹೆಚ್ಚಿನ ಮನೆಗಳಲ್ಲಿ ಅದು ಒಬ್ಬ ಹೆಂಗಸಿನ ತಲೆಯೊಳಗೆ ಇರುತ್ತದೆ, ಮತ್ತು ಹೊರಡುವ ಎರಡು ವಾರ ಮೊದಲಿನಿಂದಲೇ ಅಲ್ಲಿ ಬೆಳೆಯುತ್ತಾ ಇರುತ್ತದೆ. ದೋಸೆಗೆ ಹಿಟ್ಟು ರುಬ್ಬುವಾಗ ಮಗನ ಸ್ವೆಟರ್ ನೆನಪಾಗುತ್ತದೆ. ಬಸ್ಸಿನಲ್ಲಿ ನಿಂತಿರುವಾಗ ನೇಲ್ ಕಟ್ಟರ್ ನೆನಪಾಗುತ್ತದೆ. ಈ ಪಟ್ಟಿ ಇರುವುದೇ ಉಳಿದವರಿಗೆ ತಿಳಿಯುವುದಿಲ್ಲ, ಅದರಲ್ಲಿ ಯಾವುದಾದರೂ ಒಂದು ಬಿಟ್ಟುಹೋದ ಹೊರತು.

ಈಗ ಒಂದೆರಡು ವರ್ಷದಿಂದ ಆ ಪಟ್ಟಿಯನ್ನು ಮೊಬೈಲಿನಲ್ಲಿ ಎಐ ಹತ್ತಿರ ಮಾಡಿಸಬಹುದು. ಪತ್ರಿಕೆಗಳು ಕೃತಕ ಬುದ್ಧಿಮತ್ತೆ ಎಂದು ಬರೆಯುತ್ತವೆ. ನನ್ನ ತರಗತಿಯ ಮಕ್ಕಳಿಗೆ ಅದು ಬರೇ ಎಐ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಶಾಲೆಗಳಲ್ಲಿ ಚರ್ಚಾಸ್ಪರ್ಧೆ ಇಡುತ್ತಾರೆ. ಪರವಾಗಿ ಮೂವರು, ವಿರೋಧವಾಗಿ ಮೂವರು ಮಾತಾಡಿ ಪ್ರಮಾಣಪತ್ರ ತೆಗೆದುಕೊಂಡು ಹೋಗುತ್ತಾರೆ. ನನ್ನನ್ನು ಕಾಡಿದ್ದು ಅದಕ್ಕಿಂತ ಸಣ್ಣ ಪ್ರಶ್ನೆ. ಮನೆಯವರಿಗಾಗಿ ನೆನಪಿಡುವ ಕೆಲಸ ಯಂತ್ರದ ಕಡೆಗೆ ಹೋದಾಗ ಅದರ ಜೊತೆ ಮತ್ತೆ ಏನೇನು ಹೋಗುತ್ತದೆ? ಒಬ್ಬಳ ಹೊರೆ ಇಳಿಯುತ್ತದೆ, ಸಂತೋಷ. ಆದರೆ ಒಂದು ಮನೆಯಲ್ಲಿ ಬಾಳುವವರು ಒಬ್ಬರನ್ನೊಬ್ಬರು ತಿಳಿದುಕೊಂಡಿರಬೇಕು ಎಂಬ ಕರ್ತವ್ಯವೂ ಅದರೊಟ್ಟಿಗೆ ಇಳಿದುಹೋಗುತ್ತದೆಯೋ?

ಕಳೆದ ಕ್ರಿಸ್ಮಸ್ ರಜೆಯಲ್ಲಿ ನಾವು ಆರು ಜನ ಊಟಿಗೆ ಹೋದೆವು. ಅತ್ತೆ, ಮಾವ, ನಮ್ಮ ಮನೆಯವರು, ನಾನು, ಒಂಬತ್ತನೆಯ ತರಗತಿಯ ಮಗಳು, ನಾಲ್ಕನೆಯ ತರಗತಿಯ ಮಗ. ಬದಿಯಡ್ಕದಿಂದ ಮುಳ್ಳೇರಿಯ, ಜಾಲ್ಸೂರು, ಸುಳ್ಯ. ಸಂಪಾಜೆ ಘಾಟಿ ಹತ್ತಿ ಮಡಿಕೇರಿ. ಮೈಸೂರಿನಲ್ಲಿ ಒಂದು ರಾತ್ರಿ. ಮರುದಿನ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾರಿಯಾಗಿ ಊಟಿ. ಸಮುದ್ರದ ಬದಿಯವರಾದ ನಮಗೆ ಚಳಿ ಎಂದರೆ ಧನುರ್ಮಾಸದ ಬೆಳಿಗ್ಗೆ ಬಚ್ಚಲ ಒಲೆಯ ಮುಂದೆ ಐದು ನಿಮಿಷ ಹೆಚ್ಚು ಕೂರುವುದು, ಅಷ್ಟೇ. ಊಟಿ ಇರುವುದು 2,200 ಮೀಟರಿಗಿಂತ ಎತ್ತರದಲ್ಲಿ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಅಲ್ಲಿ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಕೂರುವುದೂ ಉಂಟು. ಮಾವನಿಗೆ 76, ಅತ್ತೆಗೆ 71. ಏನು ತೆಗೆದುಕೊಳ್ಳಬೇಕು ಎಂದು ಮಗಳು ಎಐ ಹತ್ತಿರ ಕೇಳಿದಳು.

ಸುಳ್ಳು ಹೇಳಬಾರದು, ಪಟ್ಟಿ ಚೆನ್ನಾಗಿತ್ತು. ಸ್ವೆಟರ್, ಮಫ್ಲರ್, ಕಿವಿ ಮುಚ್ಚುವ ಟೊಪ್ಪಿ, ಕಾಲುಚೀಲ; ಘಾಟಿಯ ತಿರುವಿಗೆ ವಾಂತಿಯ ಮಾತ್ರೆ. ನೀಲಗಿರಿ ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ ಇರುವುದರಿಂದ ಕುಡಿಯುವ ನೀರಿಗೆ ಸ್ಟೀಲಿನ ಬಾಟಲಿ. ಸ್ವಂತ ವಾಹನದಲ್ಲಿ ಹೋಗುವವರಿಗೆ 2024ರ ಮೇ ತಿಂಗಳಿನಿಂದ ಅಲ್ಲಿಗೆ ಇ-ಪಾಸ್ ಬೇಕು ಎಂಬುದು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ಹೊತ್ತು ನೋಡಿ ಹೊರಡಿ ಎಂಬುದು. ಇನ್ಸುಲಿನ್ ಇದ್ದರೆ ಬಿಸಿಲಿಗೆ ಕಾದ ಕಾರಿನಲ್ಲಿ ಬಿಡಬೇಡಿ, ಹಾಗೆಂದು ಮಂಜುಗಡ್ಡೆಗೆ ತಾಗಿಸಿಯೂ ಇಡಬೇಡಿ, ಹೆಪ್ಪುಗಟ್ಟಿದರೆ ಉಪಯೋಗಕ್ಕಿಲ್ಲ ಎಂಬುದು. ಇ-ಪಾಸಿನ ಸಂಗತಿ ನಮ್ಮಲ್ಲಿ ಯಾರ ತಲೆಗೂ ಹೊಳೆಯುವ ಮೊದಲೇ ಅದು ಹೇಳಿತ್ತು.

ಈ ಯಂತ್ರ ಕೆಲಸ ಮಾಡುವ ಕ್ರಮವನ್ನು ನಾನು ತಿಳಿದ ಮಟ್ಟಿಗೆ ಹೇಳುವುದಾದರೆ, ಜನರು ಬರೆದಿಟ್ಟ ಅಪಾರವಾದ ಬರಹವನ್ನು ಅದಕ್ಕೆ ಉಣ್ಣಿಸಿರುತ್ತಾರೆ. ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಅದು ಅದರಿಂದ ಕಲಿತಿರುತ್ತದೆ. ಬೇಕಾದರೆ ಈಗಿನ ಸುದ್ದಿಯನ್ನೂ ಹುಡುಕಿ ಸೇರಿಸುತ್ತದೆ. ಅಂದರೆ ಚಳಿಯ ಊರಿಗೆ ಹೋದ ಲಕ್ಷಾಂತರ ಜನರ ಪಟ್ಟಿಗಳ ಸಾರ ಅದರಲ್ಲಿ ಉಂಟು. ನಮ್ಮ ಅಡಿಗೆಯವರದ್ದೇ ವಿದ್ಯೆ, ಎಲೆ ಮಾತ್ರ ಲೆಕ್ಕವಿಲ್ಲದಷ್ಟು. ಹಾಗಾಗಿ ಅದಕ್ಕೆ ಪ್ರಪಂಚದ ಅಜ್ಜಂದಿರ ವಿಷಯ ಗೊತ್ತು, ನಮ್ಮ ಮಾವನ ವಿಷಯ ಗೊತ್ತಿಲ್ಲ. ಮಾವನಿಗೆ ರಾತ್ರಿ ಕುಚ್ಚಿಲಕ್ಕಿ ಗಂಜಿ ಆಗಬೇಕು. ಬೆಳ್ತಿಗೆ ಅನ್ನ ಎರಡು ಹೊತ್ತು ಉಂಡರೆ ಮೂರನೆಯ ಹೊತ್ತು ಊಟವೇ ಬೇಡ ಅನ್ನುತ್ತಾರೆ, ಮತ್ತೆ ಸಕ್ಕರೆ ಇಳಿಯುತ್ತದೆ, ಮೈ ಬೆವರುತ್ತದೆ. ಒಂದು ಸೇರು ಕುಚ್ಚಿಲಕ್ಕಿ, ಒಂದು ಸಣ್ಣ ಕುಕ್ಕರ್, ಮಿಡಿ ಉಪ್ಪಿನಕಾಯಿಯ ಒಂದು ಡಬ್ಬಿ ಆ ಪಟ್ಟಿಯಲ್ಲಿ ಇರಲಿಲ್ಲ. ಹೇಳಿದ್ದರೆ ಅದೂ ಬರೆಯುತ್ತಿತ್ತು, ಅದರಲ್ಲಿ ಸಂಶಯ ಬೇಡ. ಹೇಳುವವರಿಗೆ ಗೊತ್ತಿರಬೇಕು, ಅಷ್ಟೇ.

ಪಟ್ಟಿಯಲ್ಲಿ ಒಂದು ಸಾಲು "ಅಜ್ಜನ ಔಷಧಿ" ಎಂದಿತ್ತು. ಎರಡೇ ಪದ. ನಮ್ಮ ಮನೆಯವರು ಮೊಬೈಲ್ ಹಿಡಿದುಕೊಂಡು ಒಂದೊಂದೇ ಸಾಲು ಓದುತ್ತಾ, "ಅಜ್ಜನ ಔಷಧಿ, ಆಯಿತಾ?" ಎಂದು ಕೇಳಿದರು. ಆಯಿತು ಎಂದೆ. ಅವರು ಗುರುತು ಹಾಕಿದರು. ಆ ಎರಡು ಪದಗಳ ಒಳಗೆ ಏನಿತ್ತು ಎಂದು ನೋಡಿ. ತಿಂಡಿಗೆ ಮೊದಲು ಇನ್ಸುಲಿನ್, ಅದಕ್ಕೆ ಸೂಜಿ, ಸಕ್ಕರೆ ನೋಡುವ ಮಿಷನ್, ಅದರ ಪಟ್ಟಿಗಳು. ಬೆಳಗ್ಗೆ ಬಿಪಿಯದ್ದು ಒಂದು. ಮಧ್ಯಾಹ್ನ ಅರ್ಧ ಮಾತ್ರೆ ಒಂದು. ಅವರ ಬೆರಳಿಗೆ ಈಗ ಅದನ್ನು ತುಂಡು ಮಾಡಲಿಕ್ಕೆ ಬಲ ಸಾಲುವುದಿಲ್ಲ, ಆದ್ದರಿಂದ ಮೊದಲೇ ಕತ್ತರಿಸಿ ಒಂದು ಡಬ್ಬಿಗೆ ಹಾಕಬೇಕು. ರಾತ್ರಿಯದ್ದು ಒಂದನ್ನು ಡಾಕ್ಟರು ನವೆಂಬರದಲ್ಲಿ ನಿಲ್ಲಿಸಿದ್ದಾರೆ. ಹಳೆಯ ಚೀಟಿಯಲ್ಲಿ ಉಂಟು, ಹೊಸದರಲ್ಲಿ ಇಲ್ಲ, ಮಾವ ಮಾತ್ರ ಹಳೆಯ ಚೀಟಿಯನ್ನೇ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾರೆ. ಜೊತೆಗೆ ಕಣ್ಣಿನ ಹನಿ, ಮತ್ತು ಸಕ್ಕರೆ ಇಳಿದರೆ ಬಾಯಿಗೆ ಹಾಕಲಿಕ್ಕೆ ಒಂದು ತುಂಡು ಬೆಲ್ಲ. ಇಷ್ಟನ್ನೂ ತಿಳಿಯದೆ ಆ ಸಾಲಿಗೆ ಗುರುತು ಹಾಕಬಹುದು. ಪಟ್ಟಿ ಎಂಬ ವಸ್ತುವಿನ ಅನುಕೂಲವೂ ಅದೇ, ಅಪಾಯವೂ ಅದೇ. ಒಳಗೆ ಏನಿದೆ ಎಂದು ನೋಡದೆ ಮುಚ್ಚಳದ ಮೇಲೆ ಹೆಸರು ಬರೆಯಲಿಕ್ಕೆ ಅದು ಬಿಡುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ ಎಂಬವರು 35 ದಂಪತಿಗಳನ್ನು ಮಾತಾಡಿಸಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನೆಗೆ ಬೇಕಾಗಿ ತಲೆಯಲ್ಲಿ ಮಾಡುವ ಕೆಲಸವನ್ನು ಅವರು ನಾಲ್ಕಾಗಿ ಬಿಡಿಸುತ್ತಾರೆ. ಮುಂದೆ ಏನು ಬೇಕಾದೀತು ಎಂದು ಮೊದಲೇ ಕಾಣುವುದು, ಅದಕ್ಕೆ ದಾರಿಗಳನ್ನು ಹುಡುಕುವುದು, ಯಾವುದು ಎಂದು ತೀರ್ಮಾನಿಸುವುದು, ಕೊನೆಗೆ ಅದು ಆಯಿತೋ ಇಲ್ಲವೋ ಎಂದು ಕಣ್ಣಿಟ್ಟಿರುವುದು. ತೀರ್ಮಾನ ಮಾಡುವಾಗ ಗಂಡ ಹೆಂಡತಿ ಇಬ್ಬರೂ ಸೇರುತ್ತಾರೆ. ಮೊದಲಿನದ್ದು ಮತ್ತು ಕೊನೆಯದ್ದು ಹೆಚ್ಚಾಗಿ ಹೆಂಗಸರ ಪಾಲಿಗೆ ಬರುತ್ತದೆ ಎಂದು ಅವರು ಕಂಡುಕೊಂಡರು. ಬೋಸ್ಟನ್ ಕಡೆಯ ಮನೆಗಳ ಕತೆ ಎಂದು ಇದನ್ನು ಬದಿಗಿಡಲಿಕ್ಕೆ ನನಗೆ ಮನಸ್ಸಾಗಲಿಲ್ಲ. ನಮ್ಮ ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ತೊಡಗುವ ಗಂಡಸರು 97 ನಿಮಿಷ. ಗುಡಿಸುವುದನ್ನು, ಬೇಯಿಸುವುದನ್ನು ಗಡಿಯಾರ ಇಟ್ಟು ಅಳೆಯಬಹುದು. ಹಿಟ್ಟು ರುಬ್ಬುತ್ತಾ ಬೆಲ್ಲದ ತುಂಡನ್ನು ನೆನೆಯುವುದನ್ನು ಯಾವ ನಿಮಿಷಕ್ಕೆ ಹಾಕುವುದು?

ಎಐ ಈ ನಾಲ್ಕರಲ್ಲಿ ಎರಡನೆಯದನ್ನು ಬಹಳ ಚೆನ್ನಾಗಿ ಮಾಡುತ್ತದೆ. ಮೊದಲನೆಯದನ್ನು ಅರ್ಧ ಮಾಡುತ್ತದೆ, ಎಲ್ಲರಿಗೂ ಬೇಕಾಗುವಷ್ಟನ್ನು ಅದು ಕಾಣುತ್ತದೆ. ಕೊನೆಯದ್ದು ಅದರ ಕೈಗೆ ಬರುವುದಿಲ್ಲ, ಅದಕ್ಕೆ ನಮ್ಮ ಮನೆಯಲ್ಲಿ ಕಣ್ಣಿಲ್ಲ. ಗುರುತು ಬಿತ್ತು ಎಂದರೆ ಆಯಿತು ಎಂದೇ ಅದರ ಲೆಕ್ಕ.

ಇಲ್ಲಿಗೆ ನಿಲ್ಲಿಸಿದರೆ ಯಂತ್ರಕ್ಕೆ ಪ್ರೀತಿ ಇಲ್ಲ, ಅಮ್ಮನಿಗೆ ಉಂಟು ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ಕೇಳುವವರಿಗೂ ಹಿತವಾಗುತ್ತದೆ. ನಮ್ಮ ಮನೆಯಲ್ಲಿ ನಡೆದದ್ದು ಅಷ್ಟು ಸಲೀಸಾಗಿ ಇಲ್ಲ. ಮುಂದಿನದ್ದನ್ನು ಅತ್ತೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. "ಬರಿ ಮಾರಾಯ್ತಿ, ಊರಲ್ಲಿ ನನ್ನ ಪ್ರಾಯದವರು ಎಷ್ಟು ಜನ ಇದಕ್ಕೇ ಮನೆಯಲ್ಲಿ ಕೂತಿದ್ದಾರೋ" ಎಂದರು.

ಮೂರು ವರ್ಷದಿಂದ ಅತ್ತೆ ಎಲ್ಲಿಗೂ ಬರುತ್ತಿರಲಿಲ್ಲ. ಮಧೂರಿಗೆ ಹೋಗುವುದಕ್ಕೂ, ತಮ್ಮ ಅಣ್ಣನ ಮೊಮ್ಮಗಳ ಮದುವೆಗೂ, ಕಾಲು ನೋವು ಎನ್ನುತ್ತಿದ್ದರು. ನಮ್ಮ ಮನೆಯವರು ಎರಡು ಸಲ ಮೂಳೆ ಡಾಕ್ಟರಿಗೆ ತೋರಿಸಿದರು, ಎಕ್ಸ್‌ರೇ ಆಯಿತು, ಎಣ್ಣೆ ಬಂತು. ಕಾಲು ಅಷ್ಟೇನೂ ನೋಯುತ್ತಿರಲಿಲ್ಲ. ಕೆಮ್ಮಿದರೆ, ಸೀನಿದರೆ, ಮೆಟ್ಟಿಲು ಹತ್ತಿದರೆ ಸೀರೆ ಒದ್ದೆಯಾಗುತ್ತಿತ್ತು. ಹೆರಿಗೆಗಳಾದ, ಪ್ರಾಯವಾದ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ, ಇದಕ್ಕೆ ವ್ಯಾಯಾಮವೂ ಚಿಕಿತ್ಸೆಯೂ ಉಂಟು ಎಂದು ಡಾಕ್ಟರುಗಳು ಹೇಳುತ್ತಾರೆ. ಆದರೆ ಹೇಳಿಕೊಳ್ಳಬೇಕಲ್ಲ. ಒಂದು ದಿನ ಬಟ್ಟೆಕಲ್ಲಿನ ಹತ್ತಿರ ನನ್ನಲ್ಲಿ ಹೇಳಿದರು, ಕೂಡಲೇ ಯಾರಲ್ಲೂ ಹೇಳಬಾರದು ಎಂದು ಮಾತು ತೆಗೆದುಕೊಂಡರು. ಹೇಳಬೇಡ ಎಂದದ್ದನ್ನು ಹೇಳದೆ ಇಟ್ಟುಕೊಳ್ಳುವುದು ಸರಿ ಎಂದೇ ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಮಗಳು ಪಟ್ಟಿಯನ್ನು ಸಂಜೆ ಜಗಲಿಯಲ್ಲಿ ಎಲ್ಲರ ಎದುರು ಜೋರಾಗಿ ಓದಿದಳು. ಹಿರಿಯರಿಗೆ ಬೇಕಾದವು ಎಂಬಲ್ಲಿಗೆ ಬಂದಳು. ಊರುಗೋಲು, ಬಿಸಿನೀರಿನ ಚೀಲ, ದೂರದ ಪ್ರಯಾಣಕ್ಕೆ ದೊಡ್ಡವರ ಡಯಾಪರ್, ಬೇಕಿದ್ದರೆ. ಅವಳಿಗೆ ಏನೂ ಗೊತ್ತಿಲ್ಲ, ಅದೇ ರಾಗದಲ್ಲಿ ಮುಂದಿನ ಸಾಲಿಗೆ ಹೋದಳು. ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. ನನ್ನ ಎದೆ ಡವಡವ ಅನ್ನುತ್ತಿತ್ತು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಎಲ್ಲರಿಗೂ ಹಾಗೆ ಬರೆಯುತ್ತದಾ?" ಎಂದು ಕೇಳಿದರು. "ಹೌದಜ್ಜಿ, ಪ್ರಾಯದವರು ಇದ್ದಾರೆ ಅಂದ್ರೆ ಬರೆಯುತ್ತದೆ." "ಹಾಗಾದ್ರೆ ತೆಗೊಳ್ಳಿ. ಬೇಕಿದ್ದರೆ ಅಂತ ಉಂಟಲ್ಲ."

ಆ ಡಿಸೆಂಬರದಲ್ಲಿ ಅತ್ತೆ ಊಟಿಗೆ ಬಂದದ್ದು ಹೀಗೆ.

ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ನಮ್ಮನ್ನು ಪ್ರೀತಿಸುವವರು ನಮ್ಮ ದುರ್ಬಲತೆಯನ್ನು ಬಲ್ಲರು, ಬಲ್ಲದ್ದರಿಂದಲೇ ಅದರ ಬಗ್ಗೆ ಬಾಯಿ ಮುಚ್ಚುತ್ತಾರೆ. ಹಾಗೆ ಮುಚ್ಚಿದ ಬಾಯಿಯೊಳಗೆ ಮಾನ ಉಳಿಯುತ್ತದೆ, ಜೊತೆಗೆ ಮನುಷ್ಯನೂ ಮನೆಯೊಳಗೇ ಉಳಿದುಬಿಡುವುದು ಉಂಟು. ನಾಚಿಕೆ ಎಂಬುದು ಇಬ್ಬರ ನಡುವಿನ ಸಂಗತಿ. ಎದುರಿಗೆ ಯಾರೂ ಇಲ್ಲದಿದ್ದರೆ ನಾಚಿಕೆಯೂ ಇಲ್ಲ. ಎಐ ಎಂಬುದು ಯಾರೂ ಅಲ್ಲ. ಅದಕ್ಕೆ ನಮ್ಮ ಅತ್ತೆ ಗೊತ್ತಿಲ್ಲ ಎಂಬುದೇ ಇಲ್ಲಿ ಉಪಕಾರಕ್ಕೆ ಬಂತು. ಡಾಕ್ಟರು ಹೇಳಿದ್ದರೂ "ನಿಮಗೆ" ಎಂದು ಹೇಳುತ್ತಿದ್ದರು, ನಾನು ಹೇಳಿದ್ದರಂತೂ ಮಾತು ಮುರಿದಂತೆ. ಅದು ಹೇಳಿದ್ದು "ಎಲ್ಲರಿಗೂ" ಎಂದು. ಎಪ್ಪತ್ತೊಂದು ವರ್ಷದ ಹೆಂಗಸಿಗೆ ತಾನು ಒಬ್ಬಳೇ ಅಲ್ಲ ಎಂದು ತಿಳಿಯಲಿಕ್ಕೆ ಊರಿನ ಹೆಂಗಸರು ಯಾರೂ ಸಿಗಲಿಲ್ಲ, ಯಂತ್ರದ ಒಂದು ಸಾಲು ಸಿಕ್ಕಿತು. ಇದು ಯಂತ್ರದ ಹಿರಿಮೆಯೋ ನಮ್ಮ ಊರಿನ ಬಡತನವೋ ಎಂದು ಕೇಳಿದರೆ, ಎರಡನೆಯದೇ ಹೆಚ್ಚು ಎಂದು ನನ್ನ ಲೆಕ್ಕ.

ಹಾಗೆಂದು ಆ ಸಾಲು ಬಂದಲ್ಲಿಗೆ ಕೆಲಸ ಮುಗಿಯಲಿಲ್ಲ. ಅದನ್ನು ಪರಿಚಯದ ಮೆಡಿಕಲಿನಲ್ಲಿ ತೆಗೆದುಕೊಳ್ಳಬಾರದು, ಕಾಸರಗೋಡಿಗೆ ಹೋದಾಗ ತರಬೇಕು. ಯಾವ ಅಳತೆ ಎಂದು ಕೇಳಿದರೆ ಹೇಳಲಿಕ್ಕೆ ಗೊತ್ತಿರಬೇಕು. ಪೆಟ್ಟಿಗೆಯ ಅಡಿಯಲ್ಲಿ ಇಟ್ಟರೆ ದಾರಿಯಲ್ಲಿ ಸಿಗುವುದಿಲ್ಲ, ನನ್ನ ಕೈಚೀಲದಲ್ಲೇ ಇರಬೇಕು. ಯಾವ ಹೋಟೆಲಿನ ಬಚ್ಚಲಿಗೆ ಬಾಗಿಲು ಸರಿಯಾಗಿ ಹಾಕುತ್ತದೆ ಎಂದು ನೋಡಿ ಅಲ್ಲೇ ಚಾಗೆ ನಿಲ್ಲಿಸಬೇಕು, ಚಾ ಕುಡಿಯಬೇಕು ಅಂತ ನನಗೇ ಆಸೆಯಾದ ಹಾಗೆ ಮಾಡಿ. ಸುಳ್ಯದಲ್ಲೊಂದು ಚಾ, ಮಡಿಕೇರಿಯಲ್ಲೊಂದು ಚಾ, ಗುಂಡ್ಲುಪೇಟೆಯಲ್ಲೊಂದು. "ನಿಮಗೆ ಇಷ್ಟು ಚಾ ಹುಚ್ಚು ಎಂದು ಗೊತ್ತಿರಲಿಲ್ಲ ಟೀಚರೇ" ಎಂದು ಡ್ರೈವರ್ ತಮಾಷೆ ಮಾಡಿದ.

ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ನನ್ನ ಒಬ್ಬ ಸಹೋದ್ಯೋಗಿಗೆ ಸಿಟ್ಟೇ ಬಂತು. ಅವಳಿಗೆ ಇಬ್ಬರು ಸಣ್ಣ ಮಕ್ಕಳು, ಮಲಗಿದಲ್ಲೇ ಇರುವ ಮಾವ. "ಟೀಚರೇ, ನೀವು ಇದಕ್ಕೆ ಪ್ರೀತಿ, ಗಮನ ಎಂದೆಲ್ಲ ಹೆಸರು ಕೊಡ್ತೀರಿ. ಹೆಸರು ಕೊಟ್ಟು ಕೊಟ್ಟೇ ನಮ್ಮ ಕುತ್ತಿಗೆಗೆ ಕಟ್ಟಿದ್ದು ಅಲ್ವಾ? ಹೊರಡುವ ಹಿಂದಿನ ದಿನ ನನಗೆ ಹತ್ತು ಗಂಟೆಗೆ ಮಲಗ್ಲಿಕ್ಕೆ ಆಗ್ಬೇಕು. ಅದನ್ನು ಯಂತ್ರ ಕೊಟ್ರೆ ಯಂತ್ರಕ್ಕೆ ನಮಸ್ಕಾರ." ಅವಳ ಮಾತಿಗೆ ಎದುರಾಡುವುದು ಕಷ್ಟ. ದಣಿವನ್ನು ತ್ಯಾಗವೆಂದು ಹೊಗಳಿ ದಣಿದವರನ್ನು ಹಾಗೇ ಬಿಡುವ ಅಭ್ಯಾಸ ನಮ್ಮಲ್ಲಿ ಹಳೆಯದು. ಒಳಗಿನ ಕೆಲಸಕ್ಕೆ ಮಿಕ್ಸಿ ಬಂದಾಗಲೂ ರುಬ್ಬುವ ಕಲ್ಲಿನ ಚಟ್ನಿಯ ರುಚಿ ಹೋಯಿತು ಎಂದು ಮರುಗಿದವರು ಹೆಚ್ಚಾಗಿ ರುಬ್ಬದವರೇ.

ಆದರೂ ಅವಳ ಮಾತಿನಲ್ಲಿ ನನಗೆ ಒಂದು ಸಂಶಯ ಉಳಿಯಿತು. ಹತ್ತು ಗಂಟೆಗೆ ಮಲಗುವ ದಾರಿ ಎರಡು ಇವೆ. ಒಂದು, ಅವಳ ಕೆಲಸವನ್ನು ಯಂತ್ರ ಹಗುರ ಮಾಡುವುದು. ಇನ್ನೊಂದು, ಅವಳ ಗಂಡ ಅದರಲ್ಲಿ ಅರ್ಧ ಹೊರುವುದು. ಮೊದಲನೆಯದು ಸುಲಭ, ಜಗಳವಿಲ್ಲ, ಮೊಬೈಲಿನಲ್ಲೇ ಆಗುತ್ತದೆ. ಸುಲಭವಾದದ್ದರಿಂದಲೇ ಎರಡನೆಯದು ಬರುವ ದಿನ ಮುಂದೆ ಮುಂದೆ ಹೋಗುತ್ತದೆ. ಅವಳು ಯಂತ್ರದ ಸಹಾಯದಿಂದ ಇನ್ನಷ್ಟು ಚೆನ್ನಾಗಿ ಒಬ್ಬಳೇ ಹೊರುತ್ತಾಳೆ. ಮನೆಯ ಉಳಿದವರಿಗೆ ಮಾವನ ಅರ್ಧ ಮಾತ್ರೆಯ ವಿಷಯ ಮೊದಲೂ ಗೊತ್ತಿರಲಿಲ್ಲ, ಇನ್ನು ಮುಂದೆ ಗೊತ್ತಿರಬೇಕೆಂದು ಯಾರಿಗೂ ಅನ್ನಿಸುವುದೂ ಇಲ್ಲ. ಯಂತ್ರಕ್ಕೆ ಕಾಳಜಿ ಉಂಟೋ ಇಲ್ಲವೋ ಎಂಬ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುವುದಿಲ್ಲ. ಅದು ಬಂದದ್ದರಿಂದ ಯಾರಿಗೆ ವಿನಾಯಿತಿ ಸಿಕ್ಕಿತು ಎಂದು ನೋಡಬೇಕು.

ಪಟ್ಟಿಗಳಲ್ಲೂ ಎರಡು ಜಾತಿ ಉಂಟು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಗೆಂದು 19 ಅಂಶಗಳ ಒಂದು ಪಟ್ಟಿ ಹೊರತಂದಿತು. ಒಂದು ಹಾಳೆಯಲ್ಲಿ ಮುಗಿಯುತ್ತದೆ. ಅದರಲ್ಲಿ ಕತ್ತರಿ, ಹತ್ತಿ ಎಣಿಸಿದಿರಾ ಎಂದು ಇದೆ, ನಾವು ನಿರೀಕ್ಷಿಸುವಂತೆಯೇ. ನಿರೀಕ್ಷಿಸದ ಎರಡು ಸಂಗತಿಗಳೂ ಇವೆ. ಕೋಣೆಯಲ್ಲಿರುವ ಎಲ್ಲರೂ ತಮ್ಮ ತಮ್ಮ ಹೆಸರು, ಕೆಲಸ ಹೇಳಿ ಪರಿಚಯ ಮಾಡಿಕೊಂಡಿದ್ದಾರೆಯೇ? ಯಾರು, ಎಲ್ಲಿಗೆ, ಏನು ಚಿಕಿತ್ಸೆ ಎಂದು ರೋಗಿಯ ಬಾಯಿಂದಲೇ ಖಚಿತ ಮಾಡಿಕೊಂಡಿದ್ದೀರಾ, ಅವರ ಒಪ್ಪಿಗೆ ಉಂಟೇ? ಡಾಕ್ಟರುಗಳಂಥ ಡಾಕ್ಟರುಗಳಿಗೆ ಹೆಸರು ಹೇಳಿಕೊಳ್ಳಿ ಎಂದು ಕಾಗದದಲ್ಲಿ ಬರೆದು ಕೊಡಬೇಕೇ ಎಂದು ನಗು ಬಂದೀತು. ಆದರೆ ಆ ಪಟ್ಟಿ ಮಾಡಿದವರಿಗೆ ಮನುಷ್ಯ ಗೊತ್ತು. ಆ ಪಟ್ಟಿ ಜನರನ್ನು ಒಬ್ಬರ ಮುಖ ಒಬ್ಬರು ನೋಡುವಂತೆ ಮಾಡುತ್ತದೆ. ಇನ್ನೊಂದು ಜಾತಿಯ ಪಟ್ಟಿ ಮುಖ ನೋಡದೆಯೇ ಕೆಲಸ ಮುಗಿಸಲಿಕ್ಕೆ ಬಿಡುತ್ತದೆ. ಎಐ ಮಾಡಿಕೊಡುವ ಪಟ್ಟಿ ಯಾವ ಜಾತಿಯದ್ದಾಗಬೇಕು ಎಂಬುದು ಅದನ್ನು ಕೇಳುವ ನಮ್ಮ ಕೈಯಲ್ಲಿದೆ.

ಹಾಗಾಗಿ ಯಂತ್ರದ ಪಟ್ಟಿಯನ್ನು ಬಿಸಾಡಲಿಲ್ಲ. ಬಟ್ಟೆ, ಟೊಪ್ಪಿ, ಪಾಸು, ಬಾಟಲಿಯ ಲೆಕ್ಕಕ್ಕೆ ಅದೇ ಸಾಕು ಎಂದು ಇಟ್ಟುಕೊಂಡೆವು. ಅದರ ಮೇಲೆ ಒಂದು ಕೆಲಸ ಮಾಡಿಸಿದೆ, ಟೀಚರ್ ಬುದ್ಧಿ ಎಂದು ನಗಬಹುದು. ಒಬ್ಬೊಬ್ಬರೂ ಒಂದು ಚೀಟಿ ಬರೆಯಬೇಕು, ತಮಗೆ ಬೇಕಾದದ್ದನ್ನಲ್ಲ, ಮನೆಯ ಇನ್ನೊಬ್ಬರಿಗೆ ಬೇಕಾದದ್ದನ್ನು. ಯಾರು ಯಾರಿಗೆ ಎಂದು ಚೀಟಿ ಎತ್ತಿದೆವು. ಮಗಳಿಗೆ ನಾನು ಬಂದೆ. ನಮ್ಮ ಮನೆಯವರಿಗೆ ಅತ್ತೆ ಬಂದರು, ಅವರು ಮೊದಲು ಬರೆದದ್ದು "ಕಾಲಿನ ಎಣ್ಣೆ"! ಅತ್ತೆ ಅದನ್ನು ಓದಿ ಬಹಳ ನಕ್ಕರು, ಆಮೇಲೆ ಮಗನನ್ನು ಹತ್ತಿರ ಕರೆದು ಏನೋ ಹೇಳಿದರು. ಏನು ಹೇಳಿದರು ಎಂದು ನಾನು ಕೇಳಿಲ್ಲ. ಎಣ್ಣೆ ಪಟ್ಟಿಯಿಂದ ಹೋಯಿತು, ಅಷ್ಟು ಗೊತ್ತು.

ನಾಲ್ಕನೆಯ ತರಗತಿಯ ಮಗನಿಗೆ ಅಜ್ಜ ಬಂದಿದ್ದರು. ಅವನ ಚೀಟಿಯಲ್ಲಿ ಎರಡೇ ಸಾಲು. "ರೇಡಿಯೋ. ರೇಡಿಯೋಕ್ಕೆ ಹೊಸ ಸೆಲ್ಲು." ಮಾವ ರಾತ್ರಿ ಸಣ್ಣ ರೇಡಿಯೋವನ್ನು ದಿಂಬಿನ ಹತ್ತಿರ ಇಟ್ಟುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಸ್ಟೇಷನ್ ಮುಗಿದು ಬರೇ ಗರಗರ ಸದ್ದು ಬಂದರೂ ಅವರು ಅದನ್ನು ಆರಿಸುವುದಿಲ್ಲ, ಆ ಸದ್ದು ಇಲ್ಲದಿದ್ದರೆ ಅವರಿಗೆ ಎಚ್ಚರವಾಗುತ್ತದೆ ಎಂಬುದು ಅವರ ಮಗ್ಗುಲಲ್ಲಿ ಮಲಗುವ ಅವನಿಗೆ ಮಾತ್ರ ಗೊತ್ತಿತ್ತು. ಅದನ್ನು ಯಾರು ಯಾವ ಯಂತ್ರಕ್ಕೆ ಹೇಳಿಯಾರು? ಯಾರೂ ಅದನ್ನು ಮಾತಾಗಿ ಮಾಡಿಯೇ ಇರಲಿಲ್ಲ.

ಹೇಳುವ ವಿಷಯದಲ್ಲಿ ಇನ್ನೂ ಒಂದು ಮಾತು ಉಂಟು. ಪಟ್ಟಿ ಸರಿಯಾಗಬೇಕಾದರೆ ಎಐಗೆ ಎಲ್ಲ ಹೇಳಬೇಕು ಎಂದು ಮಕ್ಕಳು ವಾದ ಮಾಡುತ್ತಾರೆ; ಅಜ್ಜನ ಕಾಯಿಲೆ, ಮಾತ್ರೆಯ ಹೆಸರು, ಚೀಟಿಯ ಫೋಟೋ. ಹೇಳಿದಷ್ಟೂ ಪಟ್ಟಿ ಚೆನ್ನಾಗುತ್ತದೆ ಎಂಬುದು ನಿಜ. ಆದರೆ ಅಜ್ಜನ ಕಾಯಿಲೆ ಅಜ್ಜನದ್ದು. ನೆರೆಮನೆಗೆ ಹೇಳುವ ಮೊದಲು ನಾವು ಯೋಚಿಸುತ್ತೇವೆ, ಎಲ್ಲಿಯೋ ಇರುವ ಕಂಪ್ಯೂಟರಿಗೆ ಹೇಳುವಾಗ ಯೋಚಿಸುವುದಿಲ್ಲ, ಯಾಕೆಂದರೆ ಅಲ್ಲಿ ಮುಖ ಕಾಣುವುದಿಲ್ಲ. ಅತ್ತೆಗೆ ಒಳ್ಳೆಯದು ಮಾಡಿದ ಅದೇ ಗುಣ ಇಲ್ಲಿ ನಮ್ಮ ನಾಲಗೆಯನ್ನು ಸಡಿಲ ಮಾಡುತ್ತದೆ. ಹೆಸರು ಹಾಕಬಾರದು, ಚೀಟಿಯ ಫೋಟೋ ಕಳಿಸಬಾರದು, ಇನ್ನೊಬ್ಬರ ದೇಹದ ಸಂಗತಿ ಬರೆಯುವ ಮೊದಲು ಅವರನ್ನು ಕೇಳಬೇಕು ಎಂದು ಮಗಳಿಗೆ ಹೇಳಿದ್ದೇನೆ. "ಅಜ್ಜನನ್ನು ಕೇಳಿದ್ರೆ ಅರ್ಧ ಗಂಟೆ ಕತೆ ಹೇಳ್ತಾರೆ ಅಮ್ಮಾ" ಎಂದಳು. ಕೇಳಿಕೊಂಡು ಬಾ ಎಂದೆ. ಹೋದಳು. ಇನ್ಸುಲಿನ್ ಚುಚ್ಚುವ ಜಾಗವನ್ನು ದಿನಾ ಬದಲಿಸಬೇಕು ಎಂದು ತಿಳಿದುಕೊಂಡು ಬಂದಳು, ಜೊತೆಗೆ 1969ರಲ್ಲಿ ಮಾವ ಮೈಸೂರು ದಸರಾಕ್ಕೆ ಒಂದು ಚಾಪೆ, ಒಂದು ಪಂಚೆ ಮಾತ್ರ ಹಿಡಿದುಕೊಂಡು ಹೋದ ಕತೆಯನ್ನೂ.

ಪಟ್ಟಿಯ ಗಲಾಟೆ ಎಲ್ಲ ಹೋಗುವಾಗ ಮಾತ್ರ ಎಂಬುದನ್ನು ಗಮನಿಸಿದ್ದೀರಾ? ಬರುವಾಗ ಯಾರೂ ಎಐಯನ್ನು ಕೇಳುವುದಿಲ್ಲ. ಬಟ್ಟೆಯೆಲ್ಲ ಸುರುಳಿ ಸುತ್ತಿ ಒಳಗೆ ತುರುಕುವುದು, ಜಿಪ್ ಹಾಕುವುದು, ಹೊರಡುವುದು. ಬಚ್ಚಲ ಬಾಗಿಲಿನ ಹಿಂದೆ ಒದ್ದೆ ಟವೆಲು, ಸ್ವಿಚ್ಚಿನಲ್ಲಿ ಚಾರ್ಜರು, ದಿಂಬಿನಡಿಯಲ್ಲಿ ಕನ್ನಡಕ, ಇವನ್ನೆಲ್ಲ ನೋಡುವವರು ಯಾರು ಎಂಬುದರಲ್ಲೇ ಆ ಮನೆಯ ಲೆಕ್ಕ ತಿಳಿಯುತ್ತದೆ. ಊಟಿಯಿಂದ ಹೊರಡುವ ಬೆಳಿಗ್ಗೆ ನಮ್ಮ ಮನೆಯವರು ಮೊಬೈಲಿನ ಟಾರ್ಚ್ ಹಾಕಿಕೊಂಡು ಮಂಚದ ಅಡಿ ಬಗ್ಗಿ ನೋಡುತ್ತಿದ್ದರು. ಮಗ ರೇಡಿಯೋವನ್ನು ಕುತ್ತಿಗೆಗೆ ನೇತುಹಾಕಿಕೊಂಡಿದ್ದ. ನಾನು ಅತ್ತೆಯ ಪೆಟ್ಟಿಗೆ ತುಂಬಿಸಲಿಕ್ಕೆ ಕೈ ಹಾಕಿದೆ. "ನೀನು ಬಿಡು, ನಾನೇ ಇಟ್ಟುಕೊಳ್ತೇನೆ" ಎಂದರು. ಶಾಲು ಮಡಚಿ ಇಟ್ಟರು, ಮೊಮ್ಮಗಳು ತೆಗೆಸಿಕೊಟ್ಟ ಸ್ವೆಟರ್ ಇಟ್ಟರು. ನನ್ನ ಕೈಚೀಲದಿಂದ ಉಳಿದ ಮೂರನ್ನು ತೆಗೆದು, ದಾರಿಯಲ್ಲಿ ಬೇಕಾಗುತ್ತದೆ ಎಂದು ಎಲ್ಲದರ ಮೇಲ್ಗಡೆ ಇಟ್ಟು, ಜಿಪ್ ಅರ್ಧ ಮಾತ್ರ ಎಳೆದರು.